ತೊಳೆಸಿದ ಮೇಲೆ ಕಾರ್ಪೆಟ್ ಪಟ್ಟೆ, ಚಪ್ಪಟೆ, ಒರಟು: ಕಾರಣ ಹುಡುಕಿ ಎಳೆ ಬಾಚುವ ಕ್ರಮ

"ದುಡ್ಡು ಕೊಟ್ಟು ತೊಳೆಸಿದ್ದು ಮಾರಾಯ್ರೆ, ಈಗ ನೋಡಿದ್ರೆ ಮೊದಲೇ ಚಂದ ಇತ್ತು." ಕುಂಬಳೆ, ಉಪ್ಪಳ, ಬದಿಯಡ್ಕ, ಎಲ್ಲಿ ಹೋದರೂ ಕಾರ್ಪೆಟ್ ತೊಳೆಯುವ ನಮ್ಮಂಥವರ ಕಿವಿಗೆ ಬೀಳುವ ಮಾತು ಇದು. ಮಾತು ಒಂದೇ, ಆದರೆ ತೊಂದರೆ ಮನೆಗೊಂದು ತರ. ಒಬ್ಬರ ಕಾರ್ಪೆಟ್‌ನಲ್ಲಿ ಪಟ್ಟೆ ಬಿದ್ದಿರುತ್ತದೆ. ಇನ್ನೊಬ್ಬರದ್ದು ಒರಟಾಗಿ ಕಾಲಿಗೆ ಚುಚ್ಚುತ್ತದೆ. ಮತ್ತೊಬ್ಬರದ್ದು ನಡೆದಾಡುವ ಕಡೆ ಚಪ್ಪಟೆ. ಕೆಲವರದ್ದು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಎರಡು ದಿನ ಕಳೆದು ಮುಗ್ಗಲು ವಾಸನೆ ಶುರು.

ಮನೆಯವರು ಮಾಡುವ ಉಪಾಯ ಮಾತ್ರ ಎಲ್ಲ ಕಡೆ ಒಂದೇ. ಸಿಕ್ಕಿದ ಬ್ರಶ್ ಹಿಡಿದು ಉಜ್ಜುವುದು. ಬಾಚಿದರೆ ಸರಿಯಾಗುವುದು ಎಳೆ ಮಲಗಿದ ತೊಂದರೆ ಒಂದೇ. ಸೋಪು ಉಳಿದಿದ್ದರೆ, ತೇವ ಉಳಿದಿದ್ದರೆ, ಎಳೆಯೇ ಸವೆದಿದ್ದರೆ ಎಷ್ಟು ಬಾಚಿದರೂ ಅಷ್ಟೇ. ಕೆಲವು ಜಾತಿಯ ಕಾರ್ಪೆಟ್‌ನಲ್ಲಿ ಇದ್ದದ್ದೂ ಹಾಳಾಗುತ್ತದೆ. ಹಾಗಾಗಿ ಮೊದಲು ಕಾರಣ ಹುಡುಕಿ, ಆಮೇಲೆ ಬ್ರಶ್ ಹುಡುಕಿ.

ನಮ್ಮ ಕಾಸರಗೋಡಿನ ಮಟ್ಟಿಗೆ ಇನ್ನೊಂದು ವಿಷಯ ಇದೆ. ಇಲ್ಲಿನ ಮನೆಗಳಲ್ಲಿರುವ ಒಳ್ಳೆಯ ಕಾರ್ಪೆಟ್‌ಗಳಲ್ಲಿ ಎಷ್ಟೋ ದುಬೈ, ಶಾರ್ಜಾದಿಂದ ಬಂದವು. ಅಲ್ಲಿ ಎಸಿ ಕೋಣೆಯಲ್ಲಿ, ಒಣ ಗಾಳಿಯಲ್ಲಿ ಇದ್ದ ವಸ್ತು. ಸಂಜೆ ತೊಳೆದರೆ ಬೆಳಿಗ್ಗೆ ಒಣಗಿರುತ್ತಿತ್ತು. ಅದೇ ಕಾರ್ಪೆಟನ್ನು ಇಲ್ಲಿ ಜೂನ್‌ನಲ್ಲಿ ತೊಳೆಸಿ, ಕಿಟಕಿ ಮುಚ್ಚಿ, ಫ್ಯಾನ್ ತಿರುಗಿಸಿ ಮಲಗಿದರೆ ಒಣಗೀತೇ? ಮೊಬೈಲ್‌ನಲ್ಲಿ ನೋಡುವ ವಿಡಿಯೋಗಳೂ ಒಣ ಹವೆಯವರ ಲೆಕ್ಕದಲ್ಲೇ ಮಾತಾಡುತ್ತವೆ. ನಮ್ಮಲ್ಲಿ ಎಳೆ ಮಲಗುವ ದೂರುಗಳ ಬೇರು ಬಹಳ ಸಲ ತೇವದಲ್ಲೇ ಸಿಗುತ್ತದೆ.

ಮೊದಲು ಎರಡು ಬದಿಯಿಂದ ನೋಡಿ

ಬೆಳಗಿನ ಹೊತ್ತು ಕಿಟಕಿ ತೆರೆದು, ಕಾರ್ಪೆಟ್‌ನ ಒಂದು ತುದಿಯಲ್ಲಿ ನಿಂತು ನೋಡಿ. ಎಲ್ಲಿ ಕಪ್ಪು ಕಾಣುತ್ತದೆ, ಎಲ್ಲಿ ಬಿಳಿಚಿ ಕಾಣುತ್ತದೆ ಎಂದು ಗಮನ ಇಡಿ. ಈಗ ಎದುರು ತುದಿಗೆ ಹೋಗಿ ನೋಡಿ. ಕಪ್ಪಾಗಿದ್ದದ್ದು ಬಿಳಿಚಿ, ಬಿಳಿಚಿದ್ದದ್ದು ಕಪ್ಪಾಗಿ ಕಂಡರೆ ಅದು ಕೊಳೆಯೂ ಅಲ್ಲ, ಬಣ್ಣ ಹೋದದ್ದೂ ಅಲ್ಲ. ಎಳೆಗಳು ಬೇರೆ ಬೇರೆ ದಿಕ್ಕಿಗೆ ವಾಲಿವೆ, ಅಷ್ಟೇ. ಎಳೆಯ ತುದಿ ನಮ್ಮ ಕಡೆಗೆ ಇದ್ದರೆ ಬಣ್ಣ ಗಾಢವಾಗಿ ಕಾಣುತ್ತದೆ. ಮೈ ನಮ್ಮ ಕಡೆಗೆ ಇದ್ದರೆ ಬೆಳಕು ಬಡಿದು ತಿಳಿಯಾಗಿ ಕಾಣುತ್ತದೆ.

ಎರಡೂ ಬದಿಯಿಂದ ನೋಡಿದಾಗ ಕಪ್ಪು ಕಪ್ಪಾಗಿಯೇ ಇದ್ದರೆ ಅದು ಕಲೆ, ಕೊಳೆ ಅಥವಾ ಸವೆತ. ಬಾಚಣಿಗೆಗೂ ಅದಕ್ಕೂ ಸಂಬಂಧ ಇಲ್ಲ.

ಈ ಒಂದು ಪರೀಕ್ಷೆಗೆ ಒಂದು ನಿಮಿಷ ಸಾಕು. ತೊಳೆದವರಿಗೆ ಫೋನ್ ಮಾಡಿ ಬಯ್ಯುವ ಮೊದಲು ಇದನ್ನು ಮಾಡಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಒಣಗಿದೆ ಅನ್ನುವುದು ಕೈಗೆ ಮಾತ್ರವೋ, ಬುಡಕ್ಕೂ ಹೌದೋ

ಮೇಲೆ ಕೈ ಆಡಿಸಿ "ಒಣಗಿದೆ" ಅನ್ನುತ್ತಾರೆ. ಎಳೆಯ ತುದಿ ಮೊದಲು ಒಣಗುವುದು ಸಹಜ. ನೀರು ನಿಲ್ಲುವುದು ಬುಡದಲ್ಲಿ, ಅಡಿಬಟ್ಟೆಯಲ್ಲಿ. ಉಣ್ಣೆಯಂತೂ ತನ್ನ ತೂಕದ ಸುಮಾರು 30 ಶೇಕಡಾ ತೇವವನ್ನು ಹೀರಿಕೊಂಡೂ ಕೈಗೆ ಒದ್ದೆ ಅನ್ನಿಸುವುದಿಲ್ಲ.

ಒಗೆದ ಬಿಳಿ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಾರ್ಪೆಟ್ ಮೇಲೆ ಇಡಿ. ಅದರ ಮೇಲೆ ಹಿಮ್ಮಡಿ ಊರಿ ಅರ್ಧ ನಿಮಿಷ ನಿಲ್ಲಿ. ತೆಗೆದು ಬಟ್ಟೆಯನ್ನು ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಬುಡದಲ್ಲಿ ನೀರು ಇದೆ. ಒಂದು ಮೂಲೆ ಮಗುಚಿ ಅಡಿಭಾಗಕ್ಕೂ ಹೀಗೇ ಮಾಡಿ. ಟೈಲ್ಸ್ ನೆಲದ ಮೇಲೆ ಹಾಸಿದ್ದರೆ ಅಡಿಭಾಗವನ್ನು ನೋಡಲೇಬೇಕು. ಟೈಲ್ಸ್ ನೀರು ಕುಡಿಯುವುದಿಲ್ಲ, ತೇವಕ್ಕೆ ಕೆಳಗಿನಿಂದ ದಾರಿಯೇ ಇಲ್ಲ.

ಬಟ್ಟೆ ನೋಡುವಾಗ ಇನ್ನೊಂದು ಸುಳಿವೂ ಸಿಗುತ್ತದೆ. ಅದಕ್ಕೆ ಕಂದು ಅಥವಾ ಹಳದಿ ಬಣ್ಣ ಹತ್ತಿದ್ದರೆ ನೆನಪಿಟ್ಟುಕೊಳ್ಳಿ, ಆ ವಿಷಯ ಮುಂದೆ ಬರುತ್ತದೆ.

ಎಳೆ ಯಾವುದರದ್ದು

ಇದು ಗೊತ್ತಿಲ್ಲದೆ ಹಬೆ, ಇಸ್ತ್ರಿ, ವಿನೆಗರ್ ಯಾವುದಕ್ಕೂ ಹೋಗಬೇಡಿ. ಅಂಗಡಿಯವನು ಹೇಳಿದ್ದು ನಂಬುವ ಹಾಗಿಲ್ಲ. "ರೇಷ್ಮೆ" ಎಂದು ಕೊಟ್ಟದ್ದು ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ, ರೇಷ್ಮೆಯಂತೆ ಹೊಳೆಯುವ ನೂಲು) ಆಗಿರುವುದು ಮಾಮೂಲಿ.

ಕಾರ್ಪೆಟ್‌ನ ಅಂಚಿನಿಂದ, ಕಾಣದ ಕಡೆ, ಒಂದೆರಡು ಎಳೆ ಕತ್ತರಿಸಿ ತೆಗೆಯಿರಿ. ಲೋಟದ ನೀರಿಗೆ ಹಾಕಿ. ಬೆರಳಲ್ಲಿ ಒತ್ತಿ ಗಾಳಿಗುಳ್ಳೆ ಬಿಡಿಸಿದ ಮೇಲೂ ತೇಲಿದರೆ ಅದು ಪಾಲಿಪ್ರೊಪಿಲಿನ್. ಮಷಿನ್‌ನಲ್ಲಿ ನೇಯ್ದ ಅಗ್ಗದ ಕಾರ್ಪೆಟ್‌ಗಳಲ್ಲಿ ಇದೇ ಜಾಸ್ತಿ. ನೀರಿಗಿಂತ ಹಗುರ ಇರುವುದರಿಂದ ಮುಳುಗುವುದಿಲ್ಲ. ನೈಲಾನ್, ಪಾಲಿಯೆಸ್ಟರ್, ಉಣ್ಣೆ, ವಿಸ್ಕೋಸ್ ಎಲ್ಲ ಮುಳುಗುತ್ತವೆ.

ಮುಳುಗಿದ್ದನ್ನು ಒಣಗಿಸಿ, ಇಕ್ಕಳದಲ್ಲಿ ಹಿಡಿದು, ಬಚ್ಚಲ ಸಿಮೆಂಟ್ ನೆಲದ ಮೇಲೆ ಬೆಂಕಿಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಬೆರಳಲ್ಲಿ ಪುಡಿಯಾಗುವ ಕರಿ ಉಳಿದರೆ ಉಣ್ಣೆ ಅಥವಾ ನಿಜವಾದ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ವಿಸ್ಕೋಸ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿ ಕಟ್ಟಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಕರಗಿದ ತುದಿಯನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ.

ಇದರ ಜೊತೆಗೆ ಎಳೆಯ ರೂಪವನ್ನೂ ನೋಡಿ. ತುದಿ ಕತ್ತರಿಸಿದ್ದೋ, ಕುಣಿಕೆ ಕುಣಿಕೆಯಾಗಿ ತಿರುಗಿ ಒಳಗೆ ಹೋಗಿದೆಯೋ? ಬಾಚುವ ವಿದ್ಯೆಯೆಲ್ಲ ಕತ್ತರಿಸಿದ ಎಳೆಗೆ ಮಾತ್ರ. ಕುಣಿಕೆಯ ಕಾರ್ಪೆಟ್‌ಗೆ ಹಲ್ಲಿನ ರೇಕ್ (ಕಾರ್ಪೆಟ್ ಬಾಚುವ ಉದ್ದ ಹಿಡಿಯ ಬಾಚಣಿಗೆ) ಹಾಕಿದರೆ ಒಂದು ಕುಣಿಕೆ ಸಿಕ್ಕಿಬಿದ್ದು ಸಾಲು ಸಾಲಾಗಿ ಕಿತ್ತು ಬರುತ್ತದೆ. ಮದುವೆ ಹಾಲಿನಲ್ಲಿ ಹಾಸುವ ತೆಳ್ಳಗಿನ ಕೆಂಪು ಕಾರ್ಪೆಟ್ ಇದೆಯಲ್ಲ, ಅದಕ್ಕೆ ನಿಲ್ಲಿಸುವಂಥ ಎಳೆಯೇ ಇಲ್ಲ. ಅದನ್ನು ಬಾಚಲು ಕೂತವರನ್ನೂ ನೋಡಿದ್ದೇನೆ.

ಪಟ್ಟೆ ಬಿದ್ದಿದ್ದರೆ

ಎರಡು ಬದಿಯ ಪರೀಕ್ಷೆಯಲ್ಲಿ ಬಣ್ಣ ಅದಲು ಬದಲಾಯಿತು, ಪಟ್ಟೆಗಳು ಒಂದು ಅಡಿ ಅಗಲದಲ್ಲಿ ನೆಟ್ಟಗೆ ಸಾಲಾಗಿವೆ. ಇದು ತೊಳೆಯುವ ಮಷಿನ್‌ನ ವಾಂಡ್ (ಕೈಯಲ್ಲಿ ಹಿಡಿದು ಆಡಿಸುವ ಉದ್ದ ಕೊಳವೆ) ಎಳೆದ ಗುರುತು. ಬಿಸಿನೀರು ಬಿಟ್ಟು ಹೀರುವ ಮಷಿನ್‌ನಲ್ಲಿ ವಾಂಡನ್ನು ಮುಂದೆ ತಳ್ಳಿದಾಗ ಎಳೆ ಒಂದು ಕಡೆ, ಹಿಂದೆ ಎಳೆದಾಗ ಇನ್ನೊಂದು ಕಡೆ ಮಲಗುತ್ತದೆ. ಒದ್ದೆ ಎಳೆ ಹೇಗೆ ಮಲಗಿತೋ ಹಾಗೇ ಒಣಗುತ್ತದೆ. ತೊಳೆದ ತಕ್ಷಣ ಬಾಚದೆ ಹೋದದ್ದೇ ಇಲ್ಲಿನ ದೋಷ. ಕೆಲಸ ಕಷ್ಟದ್ದೇನಲ್ಲ. ಮಷಿನ್ ವ್ಯಾನಿಗೆ ಏರಿಸುವ ಗಡಿಬಿಡಿಯಲ್ಲಿ ಎಲ್ಲರೂ ಬಿಟ್ಟುಬಿಡುವುದು ಇದನ್ನೇ.

ಬಾಚುವುದು ಬರೀ ಚಂದಕ್ಕಲ್ಲ. ಮಲಗಿದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬುಡದ ತೇವವನ್ನು ಮುಚ್ಚಿಡುತ್ತವೆ. ನಿಲ್ಲಿಸಿದರೆ ಮಧ್ಯೆ ಗಾಳಿ ಆಡಿ ಬೇಗ ಒಣಗುತ್ತದೆ. ನಮ್ಮ ಹವೆಯಲ್ಲಿ ಈ ಲಾಭ ದೊಡ್ಡದು.

ಸಲಕರಣೆ ಕಾರ್ಪೆಟ್ ರೇಕ್. ಉದ್ದ ಹಿಡಿಯ, ಪ್ಲಾಸ್ಟಿಕ್ ಹಲ್ಲಿನದ್ದು. ಹತ್ತಿರ ಸಿಗದಿದ್ದರೆ ಮಂಗಳೂರಿನ ಕ್ಲೀನಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ, ಆನ್‌ಲೈನ್‌ನಲ್ಲೂ ಬರುತ್ತದೆ. ಅದಿಲ್ಲದಿದ್ದರೆ ಮೆತ್ತಗಿನ ನೈಲಾನ್ ಕೂದಲಿನ, ಉದ್ದ ಹಿಡಿಯ ಹೊಸ ಬ್ರಶ್ ಸಾಕು. ಬಚ್ಚಲು ತಿಕ್ಕಿದ ಬ್ರಶ್ ಬೇಡ. ತೆಂಗಿನ ನಾರಿನ ಬ್ರಶ್ಶೂ ಬೇಡ. ಹಿಡಿಸೂಡಿ ಅಂತೂ ಬೇಡವೇ ಬೇಡ. ಕಡ್ಡಿಯ ತುದಿ ಮುರಿದು ಎಳೆಗಳ ಮಧ್ಯೆ ನಿಲ್ಲುತ್ತದೆ, ಆಮೇಲೆ ಬರಿಗಾಲಲ್ಲಿ ನಡೆದವರಿಗೆ ಗೊತ್ತಾಗುತ್ತದೆ.

ಮೊದಲು ಕಾರ್ಪೆಟ್‌ನ ಸ್ವಂತ ದಿಕ್ಕು ಯಾವುದು ಎಂದು ತಿಳಿಯಿರಿ. ಹಸುವಿನ ಮೈ ಸವರಿದಂತೆ ಅಂಗೈಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಆಡಿಸಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತಡೆ. ನುಣುಪಾಗಿ ಹೋಗುವ ಕಡೆಯೇ ಎಳೆ ವಾಲುವ ದಿಕ್ಕು. ಕೈಯಲ್ಲಿ ಗಂಟು ಹಾಕಿ ನೇಯ್ದದ್ದಾದರೆ, ನೇಯ್ಗೆ ಶುರು ಮಾಡಿದ ತುದಿಯ ಕಡೆಗೆ ಎಳೆ ವಾಲಿರುತ್ತದೆ. ಮಷಿನ್ ಗುರುತು ಇರುವಲ್ಲಿ ಅಂಗೈಗೆ ಗೊಂದಲ ಆಗಬಹುದು. ಸೋಫಾ ಅಡಿಯಲ್ಲಿ ಯಾರೂ ತುಳಿಯದ ಅಂಚಿನಲ್ಲಿ ಪರೀಕ್ಷಿಸಿದರೆ ಸರಿಯಾಗಿ ತಿಳಿಯುತ್ತದೆ.

ಈಗ ಬಾಚುವುದು. ಬಾಗಿಲಿನಿಂದ ದೂರದ ಗೋಡೆಯ ಹತ್ತಿರ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತಾ ಬನ್ನಿ, ಬಾಚಿದ ಕಡೆ ಮತ್ತೆ ಕಾಲಿಡಬಾರದು. ಮೊದಲ ಸಲ ದಿಕ್ಕಿಗೆ ಎದುರಾಗಿ ಹಗುರವಾಗಿ ಎಳೆಯಿರಿ, ಮಲಗಿದ್ದು ಏಳುತ್ತದೆ. ಎರಡನೇ ಸಲ ದಿಕ್ಕಿನ ಕಡೆಗೇ ಉದ್ದಕ್ಕೆ ಎಳೆಯಿರಿ. ಕೊನೆಯ ಎಳೆತ ಎಲ್ಲ ಕಡೆ ಒಂದೇ ದಿಕ್ಕಿಗೆ ಇರಬೇಕು, ಅದೇ ಗುಟ್ಟು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹತ್ತಲಿ. ರೇಕ್‌ನ ಭಾರವೇ ಸಾಕು, ನೀವು ಒತ್ತುವುದು ಬೇಡ. ಹಲ್ಲು ಬುಡ ಮುಟ್ಟಿ ಕರಕರ ಸದ್ದು ಬಂದರೆ ಜಾಸ್ತಿ ಒತ್ತಿದ್ದೀರಿ ಎಂದು ಅರ್ಥ. ಉಣ್ಣೆಯನ್ನು ಒದ್ದೆಯಲ್ಲಿ ಜಾಸ್ತಿ ಉಜ್ಜಿದರೆ ತುದಿಯಲ್ಲಿ ಜುಂಜು ಏಳುತ್ತದೆ, ಎರಡು ಸಲಕ್ಕಿಂತ ಹೆಚ್ಚು ಎಳೆಯಬೇಡಿ.

ಸಮಯ: ತೊಳೆದು ನೀರು ಹೀರಿದ ಅರ್ಧ ಗಂಟೆಯೊಳಗೆ. ಮುಕ್ಕಾಲು ಒಣಗಿದಾಗ ಇನ್ನೊಮ್ಮೆ ಹಗುರವಾಗಿ ಆಡಿಸಿದರೆ ಇನ್ನೂ ಚೆಂದ.

ಹೊತ್ತು ಮೀರಿ ಪಟ್ಟೆಯಲ್ಲೇ ಒಣಗಿ ಹೋಗಿದ್ದರೆ? ಒಣ ಎಳೆಯನ್ನು ಬಾಚಿದರೆ ಆ ಹೊತ್ತಿಗೆ ಏಳುತ್ತದೆ, ಸಂಜೆಗೆ ಮತ್ತೆ ಮಲಗುತ್ತದೆ. ಸ್ಪ್ರೇ ಬಾಟ್ಲಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಎಳೆಯ ತುದಿಗೆ ಮಂಜು ಬಿದ್ದಷ್ಟೇ ತೇವ ಆಗುವಂತೆ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ಕ್ರಮದಲ್ಲೇ ಬಾಚಿ, ಫ್ಯಾನ್ ಹಾಕಿ. ನೈಲಾನ್, ಉಣ್ಣೆ ಎರಡೂ ತೇವದಲ್ಲಿ ಮೆತ್ತಗಾಗಿ ಹೇಳಿದ ಮಾತು ಕೇಳುತ್ತವೆ. ಪಾಲಿಪ್ರೊಪಿಲಿನ್ ನೀರು ಕುಡಿಯುವುದೇ ಇಲ್ಲ, ಅದಕ್ಕೆ ಇದರಿಂದ ಅರ್ಧ ಗುಣ.

ಇಷ್ಟಾದರೂ ಒಂದು ಕಡೆ ಹೋಗದ ಮಚ್ಚೆ ಉಳಿಯಬಹುದು. ನೆಟ್ಟಗಿನ ಪಟ್ಟೆಯಲ್ಲ, ನೀರು ಚೆಲ್ಲಿದಂತೆ ಅಂಕುಡೊಂಕಾಗಿ, ಅಂಚು ಸ್ಪಷ್ಟ. ಎರಡು ಬದಿಯಿಂದ ಬಣ್ಣ ಅದಲು ಬದಲಾಗುತ್ತದೆ, ಆದರೆ ಎಷ್ಟು ಬಾಚಿದರೂ ಎಳೆ ನಿಲ್ಲುವುದಿಲ್ಲ. ಇದು ಎಳೆ ಶಾಶ್ವತವಾಗಿ ತಿರುಗಿದ್ದು. ಕತ್ತರಿಸಿದ ಎಳೆಯ ಒಳ್ಳೊಳ್ಳೆಯ ಕಾರ್ಪೆಟ್‌ಗಳಿಗೇ ಬರುತ್ತದೆ. ಮೊದಲೇ ಇದ್ದದ್ದು ಕೊಳೆಯಲ್ಲಿ ಕಾಣುತ್ತಿರಲಿಲ್ಲ, ತೊಳೆದ ಮೇಲೆ ಎದ್ದು ಕಾಣುತ್ತದೆ, ಹಾಗಾಗಿ ತೊಳೆದವರ ತಲೆಗೆ ಬರುತ್ತದೆ. ಇದಕ್ಕೆ ಔಷಧಿ ಇಲ್ಲ. ಮೇಲೆ ಟೀಪಾಯಿ ಇಡಿ, ಸುಮ್ನಿರಿ.

ಒರಟಾಗಿ, ಅಂಟಂಟಾಗಿ ಇದ್ದರೆ

ಎಳೆಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿವೆ, ಬಾಚಿದಾಗ ಬಿಡಿಸಿಕೊಂಡು ಸ್ವಲ್ಪ ಹೊತ್ತಿಗೆ ಮತ್ತೆ ಗೊಂಚಲು. ಎರಡು ವಾರದಲ್ಲಿ ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ. ಇದು ಸೋಪು ಉಳಿದದ್ದು.

ಪರೀಕ್ಷೆ ಸುಲಭ. ಅಂಗೈ ಅಗಲದ ಜಾಗಕ್ಕೆ ಬಿಸಿನೀರು ಸಿಂಪಡಿಸಿ, ಒದ್ದೆ ಬಿಳಿ ಬಟ್ಟೆಯಿಂದ ಗೋಲಾಕಾರ ಉಜ್ಜಿ. ನೊರೆ ಎದ್ದರೆ ಉತ್ತರ ಸಿಕ್ಕಿತು. ಬಟ್ಟೆಯನ್ನು ಹಿಂಡಿ ಎರಡು ಬೆರಳ ನಡುವೆ ಉಜ್ಜಿದರೆ ಜಾರುತ್ತದೆ. ಪಿಎಚ್ ಕಾಗದ (ಹುಳಿಯೋ ಕ್ಷಾರವೋ ಎಂದು ತೋರಿಸುವ ಪಟ್ಟಿ) ಇದ್ದರೆ ಆ ತೇವಕ್ಕೆ ತಾಗಿಸಿ. 9 ಅಥವಾ 10 ತೋರಿಸಿದರೆ ಕ್ಷಾರದ ಸೋಪು ತೊಳೆದು ಹೋಗಿಲ್ಲ. ಉಣ್ಣೆಗೆ ಅದು ಒಳ್ಳೆಯದಲ್ಲ.

ನಮ್ಮ ಕಡೆ ಇದು ಜಾಸ್ತಿ ಆಗಲು ನೀರೂ ಒಂದು ಕಾರಣ. ಮುರಕಲ್ಲು (ಜಂಬಿಟ್ಟಿಗೆ) ನೆಲದ ಬಾವಿ ನೀರು ಬಹಳ ಕಡೆ ಮೆದು. ಮೆದು ನೀರಿನಲ್ಲಿ ಸ್ವಲ್ಪ ಸೋಪಿಗೇ ರಾಶಿ ನೊರೆ. ಗಡಸು ನೀರಿನ ಊರಿಗೆ ಬರೆದ ಅಳತೆಯಲ್ಲಿ ಸೋಪು ಸುರಿದರೆ, ತೊಳೆದಷ್ಟೂ ಮುಗಿಯುವುದಿಲ್ಲ. ಬಟ್ಟೆ ಒಗೆಯುವ ಪೌಡರನ್ನು ಕಾರ್ಪೆಟ್‌ಗೆ ಹಾಕುವವರೂ ಇದ್ದಾರೆ. ಅಗ್ಗಕ್ಕೆ ತೊಳೆದುಕೊಡುತ್ತೇವೆ ಎಂದವರ ಬಕೆಟ್ಟಿನಲ್ಲಿ ಏನಿದೆ ಎಂದು ಒಮ್ಮೆ ಇಣುಕಿ ನೋಡಿ.

ಪರಿಹಾರ: ಸೋಪು ಇಲ್ಲದೆ, ಬರೀ ನೀರಿನಿಂದ ಮಷಿನ್ ಇನ್ನೊಮ್ಮೆ ಆಡಿಸುವುದು. ತೊಳೆದವರನ್ನೇ ಕರೆದು ಮಾಡಿಸಿ, ಅದು ಅವರ ಕೆಲಸವೇ. ಸಣ್ಣ ಜಾಗವಾದರೆ ಒಂದು ಲೀಟರ್ ನೀರಿಗೆ ಕಾಲು ಕಪ್ ಬಿಳಿ ವಿನೆಗರ್ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಹಿಂಡಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ. ಅಂಚಿನಲ್ಲಿ ಬಣ್ಣ ಬಿಡುತ್ತದೋ ನೋಡಿಯೇ ಮುಂದುವರಿಯಿರಿ. ನೊರೆ ನಿಂತ ಮೇಲೆ, ತೇವ ಇರುವಾಗಲೇ ಬಾಚಿ. ಸೋಪು ಇರುವಾಗ ಬಾಚಿದ್ದು ಪೂರ್ತಿ ದಂಡ.

ನಡೆದಾಡುವ ದಾರಿ ಮಾತ್ರ ಚಪ್ಪಟೆ

ಚಾವಡಿಯಿಂದ ಅಡುಗೆಮನೆಗೆ, ಸೋಫಾದಿಂದ ಟಿವಿಗೆ. ಎರಡೂ ಬದಿಯಿಂದ ನೋಡಿದರೂ ಆ ದಾರಿ ಮಂಕು. ಇಲ್ಲಿ ಭೂತಗನ್ನಡಿ ಹಿಡಿದು ಎಳೆಯ ತುದಿಯನ್ನು ನೋಡಬೇಕು. ಟಾರ್ಚನ್ನು ನೆಲದ ಮಟ್ಟದಲ್ಲಿ ಅಡ್ಡ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಸೋಫಾ ಅಡಿಯ ಎಳೆಯನ್ನು ನೋಡಿ. ಎರಡು ನೂಲು ಒಂದಕ್ಕೊಂದು ಹೊಸೆದುಕೊಂಡು ತುದಿಯವರೆಗೆ ಗಟ್ಟಿ ನಿಂತಿರುತ್ತವೆ. ಈಗ ದಾರಿಯ ಎಳೆ ನೋಡಿ. ತುದಿಯ ಹೊಸೆತ ಬಿಚ್ಚಿ, ಕೂದಲು ಕೂದಲಾಗಿ ಹರಡಿ, ಪಕ್ಕದ ಎಳೆಯ ಕೂದಲಿನ ಜೊತೆ ಸಿಕ್ಕು ಹಾಕಿಕೊಂಡಿದ್ದರೆ ಅದು ಸವೆತ. ನಮ್ಮ ಮುರಕಲ್ಲಿನ ಕೆಂಪು ಧೂಳು, ಕಡಲ ಬದಿಯ ಮನೆಗಳಲ್ಲಿ ಮರಳು, ಎರಡೂ ಬುಡದಲ್ಲಿ ಕೂತು ನಡೆದಾಗಲೆಲ್ಲ ಎಳೆಯನ್ನು ಕೊರೆಯುತ್ತವೆ. ರೇಕ್ ಹಾಕಿದರೆ ಸಿಕ್ಕು ಸ್ವಲ್ಪ ಬಿಡುತ್ತದೆ, ಹೊಸೆತ ಮಾತ್ರ ವಾಪಸು ಬರುವುದಿಲ್ಲ.

ಹೊಸೆತ ಗಟ್ಟಿಯಾಗಿದ್ದು ಎಳೆ ಬರೀ ಬಗ್ಗಿದ್ದರೆ ಆಸೆ ಇದೆ. ನೈಲಾನ್, ಉಣ್ಣೆಗೆ ಹಬೆ ಕೊಡಬಹುದು. ಬಟ್ಟೆಗೆ ಹಿಡಿಯುವ ಸ್ಟೀಮರನ್ನು ನಾಲ್ಕೈದು ಇಂಚು ಮೇಲೆ ಹಿಡಿದು ಹಬೆ ತಾಗಿಸಿ, ಬೆರಳಿನಿಂದ ಅಥವಾ ರೇಕ್‌ನಿಂದ ಎಬ್ಬಿಸಿ, ತಣ್ಣಗಾಗುವವರೆಗೆ ಮುಟ್ಟದೆ ಬಿಡಿ. ಪಾಲಿಪ್ರೊಪಿಲಿನ್‌ಗೆ ಹಬೆ, ಇಸ್ತ್ರಿ ಎರಡೂ ಹತ್ತಿರ ತರಬೇಡಿ. ಅದು ಸುಮಾರು 160 ಡಿಗ್ರಿಗೆ ಕರಗುವ ವಸ್ತು, ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಹೊಳಪು ಕಲೆ ಬೀಳುತ್ತದೆ. ಆ ಕಲೆ ಹೋಗುವುದಿಲ್ಲ.

ಇನ್ನೊಂದು ಸಾಧ್ಯತೆ ಎಣ್ಣೆ. ಮೈಗೆ ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಬರಿಗಾಲಲ್ಲಿ ಓಡಾಡುವ ಮನೆಗಳಲ್ಲಿ ಪಾದದ ಎಣ್ಣೆ ದಾರಿಯುದ್ದಕ್ಕೂ ಹತ್ತಿರುತ್ತದೆ. ಪಾಲಿಪ್ರೊಪಿಲಿನ್, ಪಾಲಿಯೆಸ್ಟರ್ ಎರಡೂ ಎಣ್ಣೆಯನ್ನು ಹಿಡಿದರೆ ಬಿಡುವುದಿಲ್ಲ. ಒಣ ಟಿಶ್ಯೂ ಕಾಗದ ಇಟ್ಟು ಹಿಮ್ಮಡಿಯಲ್ಲಿ ಒತ್ತಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಮಚ್ಚೆ ಕಂಡರೆ ಎಣ್ಣೆ ತೆಗೆಯುವ ದ್ರಾವಣದಿಂದ ಮತ್ತೆ ತೊಳೆಯಬೇಕು. ಬಾಚುವುದು ಆಮೇಲಿನ ಮಾತು.

ಕುರ್ಚಿ, ಸೋಫಾ ಕಾಲಿನ ಗುಂಡಿಗಳಿಗೆ ಒಂದು ಮಂಜುಗಡ್ಡೆ ತುಂಡು ಇಟ್ಟು ಕರಗಲು ಬಿಡಿ. ನೀರು ಒರೆಸಿ ಚಮಚದ ಅಂಚಿನಿಂದ ಎಳೆ ಎಬ್ಬಿಸಿದರೆ ಸಾಕು.

ಕಲೆ ವಾಪಸು ಬಂತು, ಅಥವಾ ಕಂದು ಬಣ್ಣ ಏರಿತು

ತೊಳೆದ ದಿನ ಚಹಾದ ಕಲೆ ಮಾಯ. ಎರಡು ದಿನಕ್ಕೆ ಅದೇ ಜಾಗದಲ್ಲಿ ಹಾಜರು. ಬುಡದಲ್ಲಿ ಇಳಿದಿದ್ದ ಕೊಳೆ, ಒಣಗುವ ನೀರಿನ ಜೊತೆ ಎಳೆಯ ತುದಿಗೆ ಏರಿದೆ. ನಿಧಾನ ಒಣಗಿದಷ್ಟೂ ಜಾಸ್ತಿ ಏರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಜಾಗವನ್ನು ಸ್ವಲ್ಪ ತೇವ ಮಾಡಿ, ದಪ್ಪ ಬಿಳಿ ಟವೆಲ್ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಭಾರ ಇಟ್ಟು ರಾತ್ರಿ ಬಿಡಿ. ಕೊಳೆ ಎಳೆಗೆ ಬದಲು ಟವೆಲ್‌ಗೆ ಏರುತ್ತದೆ.

ಕಲೆಯೇ ಇಲ್ಲದ ಕಡೆ ಚಹಾ ಬಣ್ಣದ ಛಾಯೆ ಬಂದರೆ, ಮೊದಲಿನ ಬಿಳಿ ಬಟ್ಟೆಗೆ ಹತ್ತಿದ್ದು ನೆನಪಿಸಿಕೊಳ್ಳಿ. ಅಡಿಬಟ್ಟೆ ಹತ್ತಿ ಅಥವಾ ಸೆಣಬಿನದ್ದಾದರೆ, ತುಂಬ ಹೊತ್ತು ಒದ್ದೆ ಇದ್ದಾಗ ಅದರ ಬಣ್ಣ ಬಿಟ್ಟು ಮೇಲೆ ಏರುತ್ತದೆ. ಕ್ಷಾರದ ಸೋಪು ಉಳಿದಿದ್ದರೆ ಇನ್ನೂ ಸುಲಭ. ಮೇಲೆ ಹೇಳಿದ ವಿನೆಗರ್ ನೀರು ತುದಿಗೆ ಮಾತ್ರ ಸಿಂಪಡಿಸಿ, ಬಿಳಿ ಬಟ್ಟೆಯಲ್ಲಿ ಒತ್ತಿ ತೆಗೆದು, ಜೋರು ಗಾಳಿಯಲ್ಲಿ ಬೇಗ ಒಣಗಿಸಿ.

ತೊಳೆದ ನೀರು ಯಾವುದು ಎಂದೂ ಕೇಳಿ. ಬಾವಿ ನೀರನ್ನು ಬಿಳಿ ಬಕೆಟ್‌ನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕಾಣುವ ಜಾಗಗಳು ನಮ್ಮಲ್ಲಿ ಇವೆ. ತಿಳಿ ಬಣ್ಣದ ಕಾರ್ಪೆಟ್‌ಗೆ ಆ ನೀರು ಬೇಡ.

ವಾಸನೆ

ಮುಗ್ಗಲು ವಾಸನೆ ಬಂದರೆ ಬಾಚುವುದನ್ನು ಮರೆತುಬಿಡಿ, ಮೊದಲು ಒಣಗಿಸಿ. ತೊಳೆದ ಕಾರ್ಪೆಟ್ 6ರಿಂದ 8 ಗಂಟೆಯಲ್ಲಿ ಒಣಗಿದರೆ ಬಹಳ ಒಳ್ಳೆಯದು, 24 ಗಂಟೆ ಮೀರಬಾರದು. 48 ಗಂಟೆ ಒದ್ದೆ ಇದ್ದರೆ ಬೂಷ್ಟು ಹಿಡಿಯಲು ಅಷ್ಟು ಸಾಕು.

ನೆಲದಿಂದ ಎತ್ತಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಅಥವಾ ಎರಡು ಬೆಂಚಿನ ಮೇಲೆ ಹರಡಿ, ಕೆಳಗೂ ಗಾಳಿ ಹೋಗಲಿ. ಟೇಬಲ್ ಫ್ಯಾನನ್ನು ನೆಲದ ಮಟ್ಟದಲ್ಲಿ ಇಟ್ಟು ಕಾರ್ಪೆಟ್‌ನ ಮೈ ಸವರಿ ಗಾಳಿ ಹೋಗುವಂತೆ ತಿರುಗಿಸಿ. ಸೀಲಿಂಗ್ ಫ್ಯಾನ್ ಒಂದರಿಂದ ಆಗುವ ಕೆಲಸ ಅಲ್ಲ. ಎಸಿ ಇದ್ದರೆ ಡ್ರೈ ಮೋಡ್‌ಗೆ ಹಾಕಿ ಕಿಟಕಿ ಮುಚ್ಚಿ. ಎಸಿ ಇಲ್ಲದಿದ್ದರೆ ಮಳೆ ಬಡಿಯದ ಬದಿಯ ಕಿಟಕಿ ತೆರೆದು, ಇನ್ನೊಂದು ಫ್ಯಾನನ್ನು ಹೊರಗೆ ಮುಖ ಮಾಡಿ ಇಡಿ, ಒಳಗಿನ ಹಸಿ ಗಾಳಿ ಹೊರಗೆ ಹೋಗಲಿ. ಕರೆಂಟು ಹೋದರೆ ಏನು ಮಾಡುವುದು? ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಯಲ್ಲಿ) ತೊಳೆಸಲೇಬಾರದು, ಅಷ್ಟೇ. ನನ್ನ ಕೇಳಿದರೆ ನಮ್ಮೂರಿಗೆ ಡಿಸೆಂಬರ್‌ನಿಂದ ಫೆಬ್ರವರಿಯೇ ಕಾರ್ಪೆಟ್ ತೊಳೆಸುವ ಕಾಲ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಬಿಸಿಲು ಕಂಡು ಮೋಸ ಹೋಗಬೇಡಿ, ಮಧ್ಯಾಹ್ನ ಮೇಲೆ ಗುಡುಗು ಮಳೆ ಬಂದೀತು.

ಬಿಸಿಲಿಗೆ ಹಾಕುವುದಾದರೆ ಬೆನ್ನು ಮೇಲೆ ಮಾಡಿ ಅಂಗಳದಲ್ಲಿ ಚಪ್ಪಟೆಯಾಗಿ ಹಾಸಿ. ಒದ್ದೆ ಕಾರ್ಪೆಟನ್ನು ಹಗ್ಗದ ಮೇಲೆ ಮಡಚಿ ಹಾಕಿದರೆ ತನ್ನ ಭಾರಕ್ಕೇ ಜಗ್ಗಿ, ಮಡಿಕೆಯ ಗೆರೆಯಲ್ಲಿ ಎಳೆ ಒಡೆದು ನಿಲ್ಲುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೀಟಿನ ಗೂಡಿಗೆ ಹಾಕಿದರೆ ಆಗದಾ ಎಂದು ಕೇಳುವವರು ಬಹಳ ಜನ. ಬಿಸಿ ಇದೆ ನಿಜ, ಆದರೆ ಎರಡು ತುದಿ ತೆರೆದಿಡದಿದ್ದರೆ ಒಳಗಿನ ಹಬೆ ಹೊರಗೆ ಹೋಗುವುದಿಲ್ಲ. ಅಡಿಬಟ್ಟೆಗೆ ರಬ್ಬರ್ ಅಂಟು ಇರುವ ಕಾರ್ಪೆಟ್‌ಗೆ ಆ ಕಾವು ಒಳ್ಳೆಯದೂ ಅಲ್ಲ. ಅಡಿಕೆ ಕಲೆ ಹತ್ತಿದರೆ ಅದೊಂದು ಬೇರೆ ಕತೆ.

ಮೂಲೆ ಮಡಚಿದಾಗ ಅಡಿಯಿಂದ ಬಿಳಿ ಪುಡಿ ಉದುರಿದರೆ ಅಂಟು ಹಳತಾಗಿ ಬಿಟ್ಟಿದೆ. ಅಂಥದ್ದಕ್ಕೆ ರೇಕ್ ಹಾಕಬೇಡಿ, ಎಳೆ ಬುಡಸಮೇತ ಬರುತ್ತದೆ.

ವಿಸ್ಕೋಸ್ ಇದ್ದವರಿಗೆ

ಹೊಳೆಯುವ, ಕೈಗೆ ತಂಪಾದ, ಸುಟ್ಟಾಗ ಕಾಗದದ ವಾಸನೆ ಬಂದ ಕಾರ್ಪೆಟ್. ಒದ್ದೆಯಾದಾಗ ಇದರ ಎಳೆಯ ಬಲ ಅರ್ಧಕ್ಕೆ ಅರ್ಧ ಇಳಿಯುತ್ತದೆ. ಗಟ್ಟಿ ರೇಕ್ ಹಾಕಿದರೆ ಎಳೆ ತುಂಡಾಗಿ ಕೈಗೆ ಬರುತ್ತದೆ. ಮೆತ್ತಗಿನ ಬಟ್ಟೆ ಬ್ರಶ್‌ನಿಂದ, ಒಣಗುತ್ತಾ ಬರುವಾಗ ಆಗಾಗ, ಒಂದೇ ದಿಕ್ಕಿಗೆ ಹಗುರವಾಗಿ ಸವರಬೇಕು. ಪೂರ್ತಿ ಒಣಗಿ ಗಟ್ಟಿಯಾಗಿ ಹೋಗಿದ್ದರೆ ಬೆರಳಲ್ಲಿ ಹಿಸುಕಿ ಬಿಡಿಸಿ, ಆಮೇಲೆ ಸವರಿ. ಮೊದಲಿನ ಹೊಳಪು ಪೂರ್ತಿ ಬರುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಕುಣಿಕೆ ಕಾರ್ಪೆಟ್‌ನಲ್ಲಿ ಒಂದು ಎಳೆ ಮೇಲೆ ಬಂದಿದ್ದರೆ ಎಳೆಯಬೇಡಿ, ಉಳಿದವುಗಳ ಮಟ್ಟಕ್ಕೆ ಕತ್ತರಿಸಿ. ಗೋಡೆಯಿಂದ ಗೋಡೆಗೆ ಹಾಸಿದ್ದು ತೊಳೆದ ಮೇಲೆ ಅಲೆ ಅಲೆಯಾಗಿ ಉಬ್ಬಿದ್ದರೆ ಪೂರ್ತಿ ಒಣಗುವವರೆಗೆ ಕಾಯಿರಿ, ಬಹಳ ಸಲ ತಾನೇ ಕೂರುತ್ತದೆ.

ತೊಳೆಯುವವರು ವ್ಯಾನ್ ಹತ್ತುವ ಮೊದಲು

"ಅಣ್ಣಾ, ಕೊನೆಗೆ ಬರೀ ನೀರು ಆಡಿಸಿದ್ದೀರಾ?" ಎಂದು ಕೇಳಿ. ನಿಮ್ಮ ಎದುರಿಗೇ ನೀರು ಬಿಡದೆ ಬರೀ ಹೀರುವ ಎಳೆತ ಎರಡು ಸಲ ಹಾಕಿಸಿ, ಅದಕ್ಕೆ ಐದು ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಒಣಗುವ ಹೊತ್ತು ಗಂಟೆಗಟ್ಟಲೆ ಕಮ್ಮಿ ಆಗುತ್ತದೆ. ಬಾಚಿ ಕೊಡಲು ಹೇಳಿ. ಅವರ ಹತ್ತಿರ ರೇಕ್ ಇಲ್ಲದಿದ್ದರೆ ನಿಮ್ಮ ಬ್ರಶ್ ತಂದು ಕೊಡಿ, ಇಲ್ಲವೇ ಅವರು ಹೋದ ಕೂಡಲೇ ನೀವೇ ಬಾಚಿ. ಸೋಫಾ, ಟೀಪಾಯಿ ವಾಪಸು ಇಡುವುದು ಮರುದಿನಕ್ಕೆ ಇರಲಿ. ಇಡಲೇಬೇಕಾದರೆ ಕಾಲಿನ ಅಡಿಗೆ ಪ್ಲಾಸ್ಟಿಕ್ ತುಂಡು ಕೊಡಿ. ಕಬ್ಬಿಣದ ಕಾಲಿನ ತುಕ್ಕು, ಮರದ ಕಾಲಿನ ಪಾಲಿಶ್ ಒದ್ದೆ ಎಳೆಗೆ ಹತ್ತಿದರೆ ಮತ್ತೆ ಫೋನ್ ಮಾಡಬೇಕಾಗುತ್ತದೆ. ಅಷ್ಟರ ಮಧ್ಯೆ ದಾಟಲೇಬೇಕಾದವರು ಒಗೆದ ಬಿಳಿ ಸಾಕ್ಸ್ ಹಾಕಿಕೊಂಡು ದಾಟಲಿ. ಮಕ್ಕಳಿರುವ ಮನೆಯಾದರೆ ಬಾಗಿಲಿಗೆ ಅಡ್ಡ ಕುರ್ಚಿ ಇಡುವುದೇ ಲೇಸು.